ಇಪ್ಪತ್ನಾಲ್ಕು ಮಣಿಯ ಕಾವಲು

ಅಲ್‌ಝೈಮರ್ ಕಾಯಿಲೆ ಇಡೀ ಮಿದುಳನ್ನು ಒಟ್ಟಿಗೇ ತಿನ್ನುವುದಿಲ್ಲ. ಮೊದಲು ಕೈಹಾಕುವುದು ನೆನಪಿಗೆ. ಬೀಗದ ಕೈ ಎಲ್ಲಿಟ್ಟೆ, ಬೆಳಗಿನ ತಿಂಡಿ ಆಯಿತೋ ಇಲ್ಲವೋ, ಎದುರಿಗೆ ಕೂತವಳು ಮಗಳೋ ಸೊಸೆಯೋ, ಎಲ್ಲವೂ ಒಂದೊಂದಾಗಿ ಅಳಿಸಿಹೋಗುತ್ತವೆ. ಆಮೇಲೆ ಮಾತು, ಲೆಕ್ಕ, ವಿವೇಚನೆ. ಆದರೆ ತಲೆಯ ಹಿಂಬದಿಯಲ್ಲಿ, ಕಣ್ಣು ಕಂಡದ್ದಕ್ಕೆ ಅರ್ಥ ಕಟ್ಟುವ ಆಕ್ಸಿಪಿಟಲ್ ಎಂಬ ಭಾಗ ಮಾತ್ರ ತಕ್ಕಮಟ್ಟಿಗೆ ಗಟ್ಟಿಯಾಗಿ ನಿಂತಿರುತ್ತದೆ. ಬೇರೆಡೆ ನರಕೋಶಗಳು ರಾಶಿರಾಶಿಯಾಗಿ ಸಾಯುತ್ತಿದ್ದರೂ ಅಲ್ಲಿನವು ಬಹುಕಾಲ ಬದುಕಿರುತ್ತವೆ.

ಮಿದುಳನ್ನು ಕೊಯ್ದು ನೋಡುವ ರೋಗಶಾಸ್ತ್ರಜ್ಞರಿಗೆ ಇದು ಗೊತ್ತಿದ್ದ ಸಂಗತಿ. ಆದರೆ ಸಂಶೋಧಕರಲ್ಲಿ ಬಹುಪಾಲು ಜನ ಸತ್ತ ಕೋಶಗಳ ಬೆನ್ನು ಹತ್ತಿದ್ದರು. ಯಾಕೆ ಸತ್ತವು, ಕೊಂದದ್ದು ಯಾರು ಎಂಬುದೇ ಅವರ ಪ್ರಶ್ನೆ. ಟೋಕಿಯೊದ ಕೇಯೊ ವಿಶ್ವವಿದ್ಯಾಲಯದಲ್ಲಿ ಇಕುವೊ ನಿಶಿಮೊಟೊ, ಯೂಇಚಿ ಹಾಶಿಮೊಟೊ ಮತ್ತು ಅವರ ಜೊತೆಗಾರರು ಉಳಿದುಕೊಂಡವುಗಳ ಕಡೆ ತಿರುಗಿದರು. ಇವು ಹೇಗೆ ಬದುಕಿದವು? ಇವುಗಳ ಹತ್ತಿರ ಏನೋ ಇರಬೇಕಲ್ಲ? ಇದ್ದರೆ ಅದನ್ನು ಹಿಡಿಯುವುದು ಹೇಗೆ?

ಹಿಡಿದ ಬಗೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆ ವಿಧಾನದ ಹೆಸರೇ ‘ಸಾವಿನ ಬಲೆ’.

ಅಲ್‌ಝೈಮರ್ ಬಂದು ತೀರಿಕೊಂಡ ರೋಗಿಯೊಬ್ಬರ ಆಕ್ಸಿಪಿಟಲ್ ಭಾಗದಲ್ಲಿ ಚಾಲ್ತಿಯಲ್ಲಿದ್ದ ಆರ್‌ಎನ್‌ಎ ಸಂದೇಶಗಳನ್ನೆಲ್ಲ ಡಿಎನ್‌ಎ ರೂಪಕ್ಕೆ ನಕಲಿಸಿ ಒಂದು ಭಂಡಾರ ಕಟ್ಟಿದರು. ಇನ್ನೊಂದು ಕಡೆ, ಎರಡು ಜಾತಿಯ ಇಲಿಗಳ ಕೋಶ ಬೆಸೆದು ತಯಾರಿಸಿದ ಎಫ್11 ಎಂಬ ನರಕೋಶದ ತಳಿಯನ್ನು ತಟ್ಟೆಯಲ್ಲಿ ಬೆಳೆಸಿ, ಅದರೊಳಗೆ ಕೊಲೆಗಡುಕ ಜೀನ್ ಒಂದನ್ನು ಕೂರಿಸಿದರು. ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವ, ಐವತ್ತರ ಆಸುಪಾಸಿನಲ್ಲೇ ಮರೆವು ತರುವ ಅಲ್‌ಝೈಮರ್ ಇದೆಯಲ್ಲ, ಅದರದೇ ಜೀನ್. ಎಪಿಪಿ ಎಂಬ ಪ್ರೊಟೀನಿನ ಒಂದೇ ಒಂದು ಜಾಗದಲ್ಲಿ ವೇಲಿನ್ ಇರಬೇಕಾದ ಕಡೆ ಐಸೊಲ್ಯೂಸಿನ್ ಬಂದು ಕೂತಿರುತ್ತದೆ, ಅಷ್ಟೇ ತಪ್ಪು. ಈ ಜೀನ್ ಎದ್ದರೆ ಕೋಶ ಸಾಯುತ್ತದೆ. ಆದರೆ ನಮಗೆ ಬೇಕೆಂದಾಗ ಮಾತ್ರ ಅದು ಏಳಬೇಕು. ಅದಕ್ಕೊಂದು ಗುಂಡಿ ಬೇಕು.

ಆ ಗುಂಡಿ ಯಾವುದು ಗೊತ್ತೇ? ಎಕ್ಡೈಸೋನ್! ಕಂಬಳಿಹುಳ ಪೊರೆ ಕಳಚುವಾಗ ಅದರ ಮೈಯಲ್ಲಿ ಏರುವ ಹಾರ್ಮೋನು. ಸಸ್ತನಿಗಳ ಕೋಶಕ್ಕೆ ಈ ಕೀಟದ ಭಾಷೆ ಅರ್ಥವಾಗುವುದಿಲ್ಲ. ಆದ್ದರಿಂದಲೇ ಅದನ್ನು ಆರಿಸಿಕೊಂಡದ್ದು. ಅದರ ಮಾತು ಕೇಳಿಸುವಂತೆ ಮಾಡಿಟ್ಟ ಜೀನ್ ಮಾತ್ರ ಎಚ್ಚೆತ್ತುಕೊಳ್ಳುತ್ತದೆ, ಮಿಕ್ಕದ್ದೆಲ್ಲ ತೆಪ್ಪಗಿರುತ್ತದೆ. ಜಪಾನಿನ ಒಂದು ಪ್ರಯೋಗಾಲಯದಲ್ಲಿ, ಇಲಿಗಳ ಕೋಶದೊಳಗೆ, ಮನುಷ್ಯನ ಕಾಯಿಲೆಯ ಜೀನನ್ನು, ಹುಳುವಿನ ಹಾರ್ಮೋನಿನಿಂದ ಎಬ್ಬಿಸುವುದು. ಪುರಾಣ ಬರೆದವರಿಗೂ ಹೊಳೆಯದ ಕಲ್ಪನೆ.

ಈಗ ಭಂಡಾರದ ತುಣುಕುಗಳನ್ನು ಆ ಕೋಶಗಳಿಗೆ ಹಂಚಿ, ಹಾರ್ಮೋನು ಸುರಿದರು. ಕೋಶಗಳು ಸತ್ತವು. ಆದರೆ ಎಲ್ಲವೂ ಸಾಯಲಿಲ್ಲ. ಬದುಕಿದವುಗಳ ಒಳಗೆ ಹೊಕ್ಕಿದ್ದ ತುಣುಕುಗಳನ್ನು ಹೊರತೆಗೆದು, ಹೊಸ ಕೋಶಗಳಿಗೆ ಹಾಕಿ, ಮತ್ತೆ ಬಲೆ ಬೀಸಿದರು. ಹೀಗೆ ಜರಡಿ ಹಿಡಿಯುತ್ತ ಹೋದಾಗ ಕೊನೆಗೆ ಉಳಿದ ತುಣುಕೊಂದು ಹೇಳುತ್ತಿದ್ದುದು ಬರೀ 24 ಅಮೈನೋ ಆಮ್ಲಗಳ ಒಂದು ಪೆಪ್ಟೈಡನ್ನು. ಮೆಥಿಯೊನಿನ್, ಅಲನಿನ್, ಪ್ರೋಲಿನ್, ಆರ್ಜಿನಿನ್, ಗ್ಲೈಸಿನ್, ಫಿನೈಲ್‌ಅಲನಿನ್, ಸೆರಿನ್, ಸಿಸ್ಟೀನ್, ಆಮೇಲೆ ಒಂದರ ಹಿಂದೊಂದು ನಾಲ್ಕು ಲ್ಯೂಸಿನ್... ಹೀಗೆ ಪೋಣಿಸಿದ 24 ಮಣಿಯ ಸರ. ರಕ್ತದ ಹಿಮೊಗ್ಲೋಬಿನ್‌ನಲ್ಲಿ ಇಂಥ ಮಣಿ 574 ಇವೆ. ಪುಟ್ಟದು ಎನ್ನಿಸಿಕೊಂಡ ಇನ್ಸುಲಿನ್‌ನಲ್ಲೂ 51. ಇದು ಅದರ ಅರ್ಧವೂ ಇಲ್ಲ!

2001ರಲ್ಲಿ ಪ್ರಬಂಧ ಪ್ರಕಟವಾಯಿತು. ಇದಕ್ಕೆ ಹ್ಯೂಮನಿನ್ ಎಂದು ಹೆಸರಿಟ್ಟರು. ಎಪಿಪಿಯ ಬೇರೆ ತಪ್ಪುಗಳು ಕೊಲ್ಲಲು ಬಂದಾಗಲೂ ಇದು ಕೋಶವನ್ನು ಉಳಿಸಿತು. ಇದೇ ಕಾಯಿಲೆ ತರುವ ಪ್ರೆಸೆನಿಲಿನ್ ಜೀನುಗಳ ತಪ್ಪಿನಿಂದ ಉಳಿಸಿತು. ಅಲ್‌ಝೈಮರ್ ಮಿದುಳಿನಲ್ಲಿ ಗಡ್ಡೆಗಟ್ಟುವ ಅಮೈಲಾಯ್ಡ್ ಬೀಟಾವನ್ನು ನೇರವಾಗಿ ಸುರಿದಾಗಲೂ ಉಳಿಸಿತು. ಇನ್ನೂ ಬೆರಗಿನ ಮಾತೆಂದರೆ, ನರಕೋಶ ಕೊಲ್ಲುವ ಬೇರೆ ಕಾಯಿಲೆಯ ಜೀನುಗಳನ್ನು ತಂದು ನಿಲ್ಲಿಸಿದಾಗ ಇದು ಸುಮ್ಮನಿತ್ತು. ಹಂಟಿಂಗ್ಟನ್ ಕಾಯಿಲೆಯಲ್ಲಿ ಕಾಣುವಂಥ ಗ್ಲುಟಮಿನ್ ಸರಪಳಿಯ ಎದುರು, ಮೋಟಾರ್ ನರಗಳನ್ನು ಸಾಯಿಸುವ ಎಸ್‌ಒಡಿ1 ಜೀನಿನ ಎದುರು ಏನೂ ಮಾಡಲಿಲ್ಲ. ಸಿಕ್ಕ ಸಿಕ್ಕ ಸಾವನ್ನೆಲ್ಲ ತಡೆಯುವ ಸರ್ವೌಷಧಿ ಇದಲ್ಲ, ಶತ್ರುವಿನ ಗುರುತು ಹಿಡಿಯುತ್ತದೆ ಎಂದಾಯಿತು. ನನ್ನ ಮಟ್ಟಿಗೆ ಇಡೀ ಪ್ರಬಂಧದಲ್ಲಿ ನಂಬಿಕೆ ಹುಟ್ಟಿಸುವುದು ಈ ವಿಫಲ ಫಲಿತಾಂಶಗಳೇ.

ಸರಿ, ಇದರ ಜೀನ್ ಎಲ್ಲಿದೆ? ಇಲ್ಲಿಂದ ಕತೆ ಹುಚ್ಚೆದ್ದು ಓಡತೊಡಗುತ್ತದೆ.

ನಮ್ಮ ಜೀವಕೋಶದ ನಡುವೆ ಇರುವ ಬೀಜಕೇಂದ್ರದ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅದರ ಹೊರಗೆ ಇನ್ನೊಂದು ಡಿಎನ್‌ಎ ಇದೆ, ಮೈಟೊಕಾಂಡ್ರಿಯಾದ್ದು. ಶಾಲೆಯಲ್ಲಿ ‘ಕೋಶದ ಶಕ್ತಿಕೇಂದ್ರ’ ಎಂದು ಬಾಯಿಪಾಠ ಮಾಡಿದ್ದೇವಲ್ಲ, ಅದೇ. ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಅದು ಸ್ವತಂತ್ರವಾಗಿ ಬದುಕುತ್ತಿದ್ದ ಬ್ಯಾಕ್ಟೀರಿಯಾ. ಯಾವುದೋ ಕೋಶದ ಹೊಟ್ಟೆ ಸೇರಿತು, ಜೀರ್ಣವಾಗದೆ ಅಲ್ಲೇ ಸಂಸಾರ ಹೂಡಿತು. 1967ರಲ್ಲಿ ಲಿನ್ ಮಾರ್ಗುಲಿಸ್ ಇದನ್ನು ವಾದಿಸಿ ಬರೆದಾಗ ನಕ್ಕವರೇ ಹೆಚ್ಚು. ಆ ಹಳೆಯ ಬ್ಯಾಕ್ಟೀರಿಯಾದ ಡಿಎನ್‌ಎ ಸವೆದು ಸವೆದು ಇವತ್ತು ನಮ್ಮಲ್ಲಿ 16,569 ಅಕ್ಷರಗಳ ಪುಟ್ಟ ಉಂಗುರವಾಗಿ ಉಳಿದಿದೆ. ಅದು ಬರುವುದು ತಾಯಿಯಿಂದ. ಅಪ್ಪನ ಕಡೆಯ ಪಾಲು ಇಲ್ಲವೆಂದೇ ಹೇಳಬಹುದು.

1981ರಲ್ಲಿ ಕೇಂಬ್ರಿಜ್‌ನ ಫ್ರೆಡರಿಕ್ ಸ್ಯಾಂಗರ್ ಅವರ ಪ್ರಯೋಗಾಲಯ ಈ ಉಂಗುರವನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿ ಮುಗಿಸಿತು. ಜೀನುಗಳು ಒಟ್ಟು 37. ಅದರಲ್ಲಿ 13 ಪ್ರೊಟೀನು ಮಾಡುವಂಥವು, 22 ಸಾಗಣೆ ಆರ್‌ಎನ್‌ಎಗಳು, 2 ರೈಬೋಸೋಮಿನ ಆರ್‌ಎನ್‌ಎಗಳು. ಲೆಕ್ಕ ಚುಕ್ತಾ. ಪಠ್ಯಪುಸ್ತಕಗಳಲ್ಲಿ ಉಂಗುರದ ಚಿತ್ರ ಅಚ್ಚಾಯಿತು, ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಯಾಯಿತು.

ಹ್ಯೂಮನಿನ್‌ನ ಅಕ್ಷರಗಳು ಹೊಂದಿಕೊಂಡದ್ದು ಈ ಉಂಗುರಕ್ಕೆ! ಅದೂ ಎಲ್ಲಿ? 16ಎಸ್ ರೈಬೋಸೋಮಿನ ಆರ್‌ಎನ್‌ಎ ಎಂಬ ಜೀನಿನ ಹೊಟ್ಟೆಯೊಳಗೆ. 1,559 ಅಕ್ಷರಗಳ ಆ ಜೀನಿನ ನಡುವೆ, ಕೇವಲ 75 ಅಕ್ಷರಗಳಲ್ಲಿ. ರೈಬೋಸೋಮಿನ ಆರ್‌ಎನ್‌ಎ ಪ್ರೊಟೀನಿಗಾಗಿ ಇರುವ ಸಂದೇಶವೇ ಅಲ್ಲ. ಅದು ಪ್ರೊಟೀನು ತಯಾರಿಸುವ ಯಂತ್ರದ ಒಂದು ಬಿಡಿಭಾಗ. ಇಂಥ ಭಂಡಾರಗಳಲ್ಲಿ ರೈಬೋಸೋಮಿನ ತುಣುಕು ಸಿಕ್ಕರೆ ಕಸವೆಂದು ಬದಿಗೆ ಸರಿಸುವುದು ವಾಡಿಕೆ. ಕೋಶದೊಳಗೆ ಅದರ ಪ್ರಮಾಣ ಅಷ್ಟು ಹೆಚ್ಚು, ಎಲ್ಲೆಂದರಲ್ಲಿ ನುಗ್ಗಿರುತ್ತದೆ. ಸಾವಿನ ಬಲೆಗೆ ಮಾತ್ರ ಇಂಥ ಪೂರ್ವಗ್ರಹ ಇರಲಿಲ್ಲ. ಕೋಶ ಬದುಕಿತೇ, ಸತ್ತಿತೇ, ಅಷ್ಟೇ ಅದು ಕೇಳಿದ್ದು. ಇಪ್ಪತ್ತು ವರ್ಷ ಜಗತ್ತಿನ ಜೀವವಿಜ್ಞಾನಿಗಳ ಕಣ್ಣೆದುರೇ ಅಚ್ಚಾಗಿ ಕೂತಿದ್ದ ಅಕ್ಷರಗಳೊಳಗೆ ಇನ್ನೊಂದು ವಾಕ್ಯವಿದೆ ಎಂದು ತೋರಿಸಿಕೊಟ್ಟದ್ದು ತಟ್ಟೆಯಲ್ಲಿ ಬದುಕುಳಿದ ಒಂದಷ್ಟು ಇಲಿಕೋಶಗಳು.

ಇದರಲ್ಲೇ ಇನ್ನೊಂದು ಒಗಟಿದೆ. ಮೈಟೊಕಾಂಡ್ರಿಯಾ ತನ್ನ ಡಿಎನ್‌ಎ ಓದುವ ಲಿಪಿ ಹೊರಗಿನ ಕೋಶದ ಲಿಪಿಗಿಂತ ತುಸು ಬೇರೆ. ಕೋಶದ್ರವದ ರೈಬೋಸೋಮ್ ಯಾವ ಮೂರಕ್ಷರವನ್ನು ‘ಆರ್ಜಿನಿನ್ ಹಾಕು’ ಎಂದು ಓದುತ್ತದೋ ಅದನ್ನೇ ಮೈಟೊಕಾಂಡ್ರಿಯಾದ ರೈಬೋಸೋಮ್ ‘ಇಲ್ಲಿಗೆ ನಿಲ್ಲಿಸು’ ಎಂದು ಓದುತ್ತದೆ. ಹ್ಯೂಮನಿನ್‌ನ 22ನೇ ಮಣಿ ಸರಿಯಾಗಿ ಆ ಜಾಗದಲ್ಲಿದೆ. ಹೊರಗೆ ತಯಾರಾದರೆ 24 ಮಣಿ, ಒಳಗೆ ತಯಾರಾದರೆ 21. ಎರಡೂ ಕೋಶವನ್ನು ಕಾಯುತ್ತವೆ! ಸಾಲದ್ದಕ್ಕೆ, ಮೈಟೊಕಾಂಡ್ರಿಯಾದ ಡಿಎನ್‌ಎ ತುಣುಕುಗಳು ವಿಕಾಸದ ದಾರಿಯಲ್ಲಿ ಬೀಜಕೇಂದ್ರಕ್ಕೂ ಗುಳೆ ಹೋಗಿ ನೆಲೆಸಿವೆ. ಹ್ಯೂಮನಿನ್‌ನ್ನು ಹೋಲುವ ಪ್ರತಿಗಳು ಅಲ್ಲಿ 13 ಇವೆ ಎಂದು 2009ರಲ್ಲಿ ಲೆಕ್ಕ ಹಾಕಿದ್ದಾರೆ. ಹಾಗಾದರೆ ನಮ್ಮ ಮೈಯಲ್ಲಿರುವ ಹ್ಯೂಮನಿನ್ ಯಾರ ಮನೆಯದು ಎಂಬ ಜಗಳ ಸಮ್ಮೇಳನಗಳಲ್ಲಿ ಇನ್ನೂ ಮುಗಿದಿಲ್ಲ.

ಕತೆಯ ಎರಡನೇ ಅಂಕ 2003ರಲ್ಲಿ. ಜಪಾನಿನ ಈ ಸುದ್ದಿಗೂ ತಮಗೂ ಸಂಬಂಧವಿಲ್ಲದೆ ಅಮೆರಿಕದ ಎರಡು ಪ್ರಯೋಗಾಲಯಗಳು ಬೇರೆ ಬೇರೆ ಬೇಟೆಗೆ ಹೊರಟಿದ್ದವು. ಲಾಸ್ ಏಂಜಲೀಸ್‌ನಲ್ಲಿ ಪಿಂಕಸ್ ಕೋಹೆನ್ ಅವರ ತಂಡ ಬೆಳವಣಿಗೆಯ ಹಾರ್ಮೋನುಗಳನ್ನು ಹೊತ್ತು ತಿರುಗುವ ಐಜಿಎಫ್‌ಬಿಪಿ-3 ಎಂಬ ಪ್ರೊಟೀನು ಯಾರ ಕೈ ಹಿಡಿಯುತ್ತದೆ ಎಂದು ಹುಡುಕುತ್ತಿತ್ತು. ಲಾ ಹೋಯಾದ ಬರ್ನಮ್ ಸಂಸ್ಥೆಯಲ್ಲಿ ಜಾನ್ ರೀಡ್ ಅವರ ತಂಡ ಬ್ಯಾಕ್ಸ್ ಎಂಬ ಸಾವಿನ ಪ್ರೊಟೀನಿನ ಸಂಗಾತಿಗಳನ್ನು ಹುಡುಕುತ್ತಿತ್ತು. ಇಬ್ಬರ ಕೈಗೂ ಸಿಕ್ಕಿದ್ದು ಹ್ಯೂಮನಿನ್! ಮೂರು ಬೇರೆ ಪ್ರಶ್ನೆ ಹಿಡಿದು ಹೊರಟ ಮೂವರು ಒಂದೇ ಬಾಗಿಲಿಗೆ ಬಂದು ನಿಂತರು.

ಬ್ಯಾಕ್ಸ್ ವಿಷಯ ತುಸು ನಿಂತು ನೋಡಬೇಕಾದ್ದು. ಕೋಶಕ್ಕೆ ಆತ್ಮಹತ್ಯೆ ಮಾಡಿಕೊಳ್ಳುವುದು ಗೊತ್ತು. ಗರ್ಭದಲ್ಲಿ ನಮ್ಮ ಬೆರಳುಗಳು ಬಿಡಿಸಿಕೊಂಡದ್ದು ನಡುವಿನ ಪೊರೆಯ ಕೋಶಗಳು ಹೀಗೆ ಸತ್ತಿದ್ದರಿಂದ. ಈಗಲೂ ದಿನಾ ಕೋಟಿಗಟ್ಟಲೆ ಕೋಶಗಳು ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತವೆ. ಬ್ಯಾಕ್ಸ್ ಮಾಮೂಲಿ ದಿನಗಳಲ್ಲಿ ಕೋಶದ್ರವದಲ್ಲಿ ಸುಮ್ಮನೆ ತೇಲಿಕೊಂಡಿರುತ್ತದೆ. ಸಾವಿನ ಸೂಚನೆ ಬಂತೋ, ಆಕಾರ ಬದಲಿಸಿ ಮೈಟೊಕಾಂಡ್ರಿಯಾದ ಹೊರಗೋಡೆಗೆ ಹೋಗಿ, ತನ್ನಂಥವರ ಜೊತೆ ಸೇರಿ ತೂತು ಕೊರೆಯುತ್ತದೆ. ಒಳಗಿದ್ದ ಸೈಟೊಕ್ರೋಮ್-ಸಿ ಹೊರಗೆ ಸೋರುತ್ತದೆ. ಅದೇ ಪ್ರಾಣಾಂತಿಕ ಎಂದು 1996ರಲ್ಲಿ ಷಿಯಾವೊಡಾಂಗ್ ವಾಂಗ್ ತಂಡ ತೋರಿಸಿದಾಗ ಹಲವರಿಗೆ ನಂಬಲಾಗಲಿಲ್ಲ. ಉಸಿರಾಟದ ಕೆಲಸಕ್ಕೆ ದಿನಬೆಳಗಾದರೆ ದುಡಿಯುವ ಪ್ರೊಟೀನದು, ಹೊಸ್ತಿಲು ದಾಟಿದೊಡನೆ ಮರಣದಂಡನೆಯ ಆದೇಶವಾಗುತ್ತದೆ! ಅದರ ಹಿಂದೆಯೇ ಕ್ಯಾಸ್ಪೇಸ್ ಎಂಬ ಕತ್ತರಿಸುವ ಕಿಣ್ವಗಳು ಎದ್ದು ಕೋಶವನ್ನು ತುಂಡು ಮಾಡುತ್ತವೆ.

ಹ್ಯೂಮನಿನ್ ಬ್ಯಾಕ್ಸನ್ನು ದಾರಿಯಲ್ಲೇ ತಡೆದು ಹಿಡಿಯುತ್ತದೆ, ಗೋಡೆಯ ಹತ್ತಿರ ಹೋಗಗೊಡುವುದಿಲ್ಲ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನಿಕೊ ತ್ಜಾಂದ್ರಾ ಅವರ ತಂಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದಂತೂ ಯಾರೂ ಊಹಿಸದ ನೋಟ. ಹ್ಯೂಮನಿನ್ ಬೆರೆತಾಗ ಬ್ಯಾಕ್ಸ್ ಆಕಾರ ಬದಲಿಸಿ ಉದ್ದುದ್ದನೆಯ ಎಳೆಗಳಾಗಿ ಹೆಣೆದುಕೊಂಡಿತು. ಕೊಲ್ಲಲು ಹೊರಟ ಪ್ರೊಟೀನನ್ನು ನಾರಿನಲ್ಲಿ ಕಟ್ಟಿಹಾಕಿದ ಹಾಗೆ. ಯೋಚಿಸಿ, ತೂತು ಬೀಳುವುದು ಮೈಟೊಕಾಂಡ್ರಿಯಾದ ಗೋಡೆಗೆ. ಆ ತೂತು ಬೀಳದಂತೆ ತಡೆಯುವ ಸಂದೇಶ ಬರೆದಿರುವುದೂ ಮೈಟೊಕಾಂಡ್ರಿಯಾದ ಉಂಗುರದಲ್ಲೇ. ಸಾವಿನ ಬಾಗಿಲೂ ಅದರ ಚಿಲಕವೂ ಒಂದೇ ಮನೆಯವು.

ಇದು ಕೋಶದ ಒಳಗಿನ ಮಾತು. ಹ್ಯೂಮನಿನ್ ಹೊರಗೂ ಹರಿಯುತ್ತದೆ. ರಕ್ತದಲ್ಲಿದೆ, ಮಿದುಳು-ಬೆನ್ನುಹುರಿಯ ದ್ರವದಲ್ಲಿದೆ. ನರಕೋಶದ ಹೊರಮೈಯಲ್ಲಿ ಅದನ್ನು ಬರಮಾಡಿಕೊಳ್ಳುವ ಗ್ರಾಹಿಗಳೂ ಇವೆ. ಅಂದರೆ ಒಂದು ಕಾಲದ ಬ್ಯಾಕ್ಟೀರಿಯಾ ಇಂದಿಗೂ ಮೈತುಂಬ ಸುದ್ದಿ ಕಳಿಸುತ್ತಿದೆ.

ಒಂದು ಮಣಿ ಬದಲಿಸಿದರೆ ಏನಾಗುತ್ತದೆ ಎಂದು ನೋಡಿದ ಪ್ರಯೋಗಗಳ ಫಲ ಓದಿದರೆ ಉಸಿರು ಬಿಗಿಹಿಡಿಯುವಂತಿದೆ. ಎಂಟನೇ ಜಾಗದ ಸಿಸ್ಟೀನ್ ತೆಗೆದು ಅಲನಿನ್ ಹಾಕಿದರು. ಕಾವಲು ಶಕ್ತಿ ಸೊನ್ನೆ. ಹದಿನಾಲ್ಕನೇ ಜಾಗದ ಸೆರಿನ್ ತೆಗೆದು ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದಾದ ಗ್ಲೈಸಿನ್ ಹಾಕಿದರು. ಶಕ್ತಿ ಸಾವಿರಪಟ್ಟು ಏರಿತು! ಎಚ್‌ಎನ್‌ಜಿ ಎಂದು ಪ್ರಯೋಗಾಲಯಗಳಲ್ಲಿ ಎಲ್ಲರ ಬಾಯಲ್ಲಿರುವುದು ಈ ರೂಪವೇ. ಇಷ್ಟು ಕೋಟಿ ವರ್ಷ ಪರಿಷ್ಕರಿಸಿಕೊಂಡು ಬಂದ ನಿಸರ್ಗ ಈ ಬಲಶಾಲಿ ರೂಪವನ್ನು ಯಾಕೆ ಆರಿಸಲಿಲ್ಲ? ಕಾವಲು ಅತಿಯಾದರೂ ಅಪಾಯವೇ ಎಂಬುದು ನನ್ನ ಊಹೆ. ಮುಂದೆ ಅದಕ್ಕೆ ಬರುತ್ತೇನೆ.

ಪ್ರಯೋಗಕ್ಕೆ ಬೇಕಾದ ಹ್ಯೂಮನಿನ್ ಅನ್ನು ಯಾರೂ ಮಿದುಳಿನಿಂದ ತೆಗೆಯುವುದಿಲ್ಲ. 1963ರಲ್ಲಿ ಬ್ರೂಸ್ ಮೆರಿಫೀಲ್ಡ್ ತೋರಿಸಿಕೊಟ್ಟ, ಅವರಿಗೆ 1984ರ ನೊಬೆಲ್ ತಂದ ವಿಧಾನದಲ್ಲಿ ಪಾಲಿಸ್ಟೈರೀನ್ ಹರಳುಗಳ ಮೇಲೆ ಅಮೈನೋ ಆಮ್ಲಗಳನ್ನು ಒಂದೊಂದಾಗಿ, ಬಾಲದಿಂದ ತಲೆಯ ಕಡೆಗೆ ಕಟ್ಟುತ್ತ ಬರುತ್ತಾರೆ. ಸಂಶೋಧಕರ ಕೈಗೆ ಬರುವುದು ಬೆರಳುದ್ದದ ಗಾಜಿನ ಸೀಸೆ. ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ. ಸಾಲಾಗಿ ಕೂತ ಆ ನಾಲ್ಕು ಲ್ಯೂಸಿನ್‌ಗಳಿಗೆ ನೀರೆಂದರೆ ಆಗದು, ಹಾಗಾಗಿ ಕರಗಿಸುವಾಗ ಜೋಪಾನ ಬೇಕು, ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ.

ಆಮೇಲೆ 96 ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಪ್ರತಿ ಗುಳಿಯಲ್ಲೂ ಕೋಶಗಳು. ಕೆಲವಕ್ಕೆ ವಿಷ ಮಾತ್ರ, ಕೆಲವಕ್ಕೆ ವಿಷದ ಜೊತೆ ಹ್ಯೂಮನಿನ್, ಕೆಲವಕ್ಕೆ ಎರಡೂ ಇಲ್ಲ. ಕಾದು, ಎಂಟಿಟಿ ಎಂಬ ಹಳದಿ ಬಣ್ಣ ಹನಿಸುತ್ತಾರೆ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ, ಸತ್ತದ್ದು ಮಾಡಲಾರದು. ವಿಷ ಮಾತ್ರ ಕುಡಿದ ಗುಳಿಗಳ ಸಾಲು ಹಳದಿಯಾಗಿಯೇ ನಿಲ್ಲುತ್ತದೆ. ಪಕ್ಕದ ಸಾಲು ನೋಡನೋಡುತ್ತ ಜಂಬುನೇರಳೆ ಬಣ್ಣಕ್ಕೆ ತಿರುಗುತ್ತದೆ. ಎರಡಕ್ಕೂ ನಡುವೆ ಇರುವುದು ಬರಿಗಣ್ಣಿಗೆ ಕಾಣದ ಪ್ರಮಾಣದ ಆ ಪುಡಿ.

ನರಕೋಶದಿಂದ ಶುರುವಾದದ್ದು ಕಣ್ಣಿಗೂ ಹೃದಯಕ್ಕೂ ಹಬ್ಬಿದೆ. ರಾಧಿಕಾ ಮುಜುಂದಾರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಯ ಹೃದಯಕ್ಕೆ ರಕ್ತ ನಿಲ್ಲಿಸಿ ಮತ್ತೆ ಹರಿಸಿದಾಗ, ಎಚ್‌ಎನ್‌ಜಿ ಕೊಟ್ಟವುಗಳಲ್ಲಿ ಸತ್ತ ಸ್ನಾಯುವಿನ ಪ್ರಮಾಣ ಕಡಿಮೆಯಿತ್ತು. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಕ್ರಿಸ್ಟಿನಾ ಕೆನಿ ಅವರ ತಂಡ ಇನ್ನೂ ಚತುರವಾದ ಕೆಲಸ ಮಾಡಿತು. ವಯಸ್ಸಾದವರ ಕಣ್ಣಿನ ನಡುಭಾಗ ಮಸುಕಾಗುವ ಮ್ಯಾಕ್ಯುಲಾ ಕಾಯಿಲೆಯವರಿಂದ ಮೈಟೊಕಾಂಡ್ರಿಯಾ ತೆಗೆದು, ತಮ್ಮದೇ ಮೈಟೊಕಾಂಡ್ರಿಯಾದ ಡಿಎನ್‌ಎ ಕಳೆದುಕೊಂಡ ರೆಟಿನಾ ಕೋಶಗಳಿಗೆ ಹಾಕಿದರು. ಕೋಶ ಒಬ್ಬರದು, ಮೈಟೊಕಾಂಡ್ರಿಯಾ ಇನ್ನೊಬ್ಬರದು. ರೋಗಿಯ ಮೈಟೊಕಾಂಡ್ರಿಯಾ ಹೊಕ್ಕ ಕೋಶಗಳು ಸೊರಗಿದವು. ಎಚ್‌ಎನ್‌ಜಿ ಕೊಟ್ಟಾಗ ಚೇತರಿಸಿಕೊಂಡವು.

ಮುಪ್ಪಿನ ಕಡೆಗೂ ದಾರಿ ತೆರೆಯಿತು. 2020ರಲ್ಲಿ ಕೋಹೆನ್ ಅವರ ತಂಡ ಪ್ರಕಟಿಸಿದ ಪ್ರಬಂಧ ನೋಡಿ. ಹ್ಯೂಮನಿನ್ ಹೆಚ್ಚು ತಯಾರಿಸುವಂತೆ ಮಾಡಿದ ಮಿಲಿಮೀಟರ್ ಉದ್ದದ ಹುಳುಗಳು ಹೆಚ್ಚು ಕಾಲ ಬದುಕಿದವು. ಸಾಮಾನ್ಯವಾಗಿ ವಯಸ್ಸಾದಂತೆ ಹ್ಯೂಮನಿನ್ ಇಳಿಯುತ್ತದೆ, ಆದರೆ ಪೂರ್ವ ಆಫ್ರಿಕದ ನೆಲದಡಿ ಬದುಕುವ, ಮೈಮೇಲೆ ಕೂದಲಿಲ್ಲದ, ಇಲಿಯಷ್ಟೇ ಗಾತ್ರವಿದ್ದೂ ಮೂವತ್ತು ವರ್ಷ ದಾಟಿ ಬಾಳುವ ಬೋಳು ಬಿಲಇಲಿಯಲ್ಲಿ ಅದರ ಮಟ್ಟ ಕದಲುವುದೇ ಇಲ್ಲ! ಶತಾಯುಷಿಗಳ ಮಕ್ಕಳ ರಕ್ತದಲ್ಲಿ ಅವರ ವಾರಿಗೆಯ ಬೇರೆಯವರಿಗಿಂತ ಹ್ಯೂಮನಿನ್ ಬಹಳ ಹೆಚ್ಚು. ಇದು ದೀರ್ಘಾಯುಷ್ಯದ ಕಾರಣವೋ, ಬರೀ ಗುರುತೋ ಎಂಬುದು ಬೇರೆ ಪ್ರಶ್ನೆ. ಹುಳುವಿನ ಆಯುಸ್ಸನ್ನು ಮನುಷ್ಯನ ಜಾತಕಕ್ಕೆ ಕೂಡಿಸುವಂತಿಲ್ಲ.

ಕಾವಲಿನ ಅಪಾಯ ಎಂದೆನಲ್ಲ. ಕೋಶ ಸಾಯದಂತೆ ತಡೆಯುವ ವಸ್ತುವಿಗೆ ಒಳ್ಳೆಯ ಕೋಶ, ಕೆಟ್ಟ ಕೋಶ ಎಂಬ ಭೇದ ಗೊತ್ತಿರಬೇಕಾಗಿಲ್ಲ. ಬ್ಯೂನಸ್ ಐರಿಸ್‌ನ ಸಂಶೋಧಕರು 2020ರಲ್ಲಿ ಇಲಿಗಳ ಸ್ತನ ಕ್ಯಾನ್ಸರಿನಲ್ಲಿ ಹ್ಯೂಮನಿನ್ ಗೆಡ್ಡೆಯ ಬೆಳವಣಿಗೆಗೆ ನೆರವಾಗುವುದನ್ನು ಕಂಡರು. ಸಾಯಬೇಕಾದ ಕೋಶ ಸಾಯದಿರುವುದೇ ತಾನೇ ಕ್ಯಾನ್ಸರ್? ಹ್ಯೂಮನಿನ್ ಇವತ್ತಿಗೂ ಮನುಷ್ಯರಿಗೆ ಒಪ್ಪಿತವಾದ ಔಷಧಿಯಲ್ಲ. ಸೀಸೆಯ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದು ಬರೆದಿರುವುದಕ್ಕೆ ಅರ್ಥವಿದೆ. ಹಾಗಿದ್ದೂ ಇಂಥ ಪೆಪ್ಟೈಡುಗಳನ್ನು ಆನ್‌ಲೈನಿನಲ್ಲಿ ತರಿಸಿ ಯೌವನದ ಆಸೆಗೆ ಚುಚ್ಚಿಕೊಳ್ಳುವವರಿದ್ದಾರೆ. ಅವರ ಧೈರ್ಯಕ್ಕೆ ಏನೆನ್ನಬೇಕೋ ತಿಳಿಯದು.

ಆದರೆ ನಿಜವಾದ ರೋಮಾಂಚನ ಇರುವುದು ಮಾರಾಟದಲ್ಲಲ್ಲ, ಆ ಉಂಗುರದಲ್ಲಿ. ಒಂದು ಜೀನಿನೊಳಗೆ ಒಂದು ಗುಪ್ತ ವಾಕ್ಯ ಇದ್ದರೆ ಇನ್ನೊಂದರೊಳಗೆ ಯಾಕಿರಬಾರದು? ಹುಡುಕಿದರು. 2015ರಲ್ಲಿ ಚಾಂಗ್‌ಹಾನ್ ಲೀ ಮತ್ತು ಕೋಹೆನ್ ಪಕ್ಕದ 12ಎಸ್ ಜೀನಿನೊಳಗೆ 16 ಅಮೈನೋ ಆಮ್ಲದ ಮಾಟ್ಸ್-ಸಿ ಕಂಡರು. ಕೊಬ್ಬಿನ ಆಹಾರ ತಿಂದ ಇಲಿಗಳಿಗೆ ಅದನ್ನು ಕೊಟ್ಟರೆ ಬೊಜ್ಜು ಬರಲಿಲ್ಲ. ವ್ಯಾಯಾಮ ಮಾಡಿದಾಗ ನಮ್ಮ ಸ್ನಾಯುಗಳಲ್ಲಿ ಅದು ತಾನಾಗಿಯೇ ಏರುತ್ತದೆ. ಕ್ರೀಡಾಪಟುಗಳು ಬಳಸಬಾರದ ವಸ್ತುಗಳ ಪಟ್ಟಿಗೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ ಅದನ್ನು ಸೇರಿಸಿಯೂ ಆಯಿತು. 2016ರಲ್ಲಿ ಹ್ಯೂಮನಿನ್ ಇರುವ 16ಎಸ್ ಜೀನಿನಲ್ಲೇ ಇನ್ನೂ ಆರು ಸಿಕ್ಕವು. 2022ರಲ್ಲಿ ಅದೇ ಕೋಹೆನ್ ಬಳಗ ಸೆರಿನ್‌ನ ಸಾಗಣೆ ಆರ್‌ಎನ್‌ಎ ಜೀನ್ ಇರುವ ಜಾಗದಲ್ಲಿ 58 ಅಮೈನೋ ಆಮ್ಲದ ಷ್ಮೂಸ್ ಎಂಬ ಹೊಸ ಪ್ರೊಟೀನನ್ನು ವರದಿ ಮಾಡಿತು. ಅದರ ಒಂದೇ ಒಂದು ಅಕ್ಷರ ಬದಲಾದವರಲ್ಲಿ ಅಲ್‌ಝೈಮರ್ ಅಪಾಯ ಹೆಚ್ಚು. 37 ಜೀನ್ ಎಂದು ಮುಚ್ಚಿಟ್ಟ ಲೆಕ್ಕದ ಪುಸ್ತಕದಲ್ಲಿ ಮೊದಲು ಒಂದು ರೈಬೋಸೋಮಿನ ಜೀನ್, ಆಮೇಲೆ ಇನ್ನೊಂದು, ಈಗ ಸಾಗಣೆ ಆರ್‌ಎನ್‌ಎಯ ಜಾಗವೂ ಬಾಯಿಬಿಟ್ಟಿದೆ. ಸಾಗಣೆ ಆರ್‌ಎನ್‌ಎಗಳೇ ಇನ್ನೂ 21 ಬಾಕಿ ಇವೆ.